ನಾನು ನೋಡದ ನೌಕಾಯುದ್ಧ

ಯುದ್ಧಕ್ಕೆ ನಾನು ಮಾಡಿಕೊಂಡ ಸಿದ್ಧತೆಯಲ್ಲಿ ಯಾವ ಲೋಪವೂ ಇರಲಿಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಿಬಿಡುತ್ತೇನೆ. ಯುದ್ಧವೆಂದರೆ ಟಿ.ವಿ.ಯಲ್ಲಿ ಬರಲಿದ್ದ ಧಾರಾವಾಹಿ. ಶತ್ರುವಿನ ವಶವಾದ ದ್ವೀಪವನ್ನು ನೌಕಾಪಡೆ ಮರಳಿ ಗೆಲ್ಲುವ ಕಥೆ. ಭಾನುವಾರ ಬೆಳಿಗ್ಗೆ ಮೊದಲ ಕಂತು ಎಂದು ಎಷ್ಟೋ ದಿನಗಳಿಂದ ಜಾಹೀರಾತು ಬರುತ್ತಿತ್ತು. ನಾನು ಆ ಜಾಹೀರಾತನ್ನೇ ಧಾರಾವಾಹಿಯಂತೆ ನೋಡುತ್ತಿದ್ದೆ.

ಈ ಹಂಬಲಕ್ಕೆ ಕಾರಣವಿದೆ. ನಾನು ಕೊಪ್ಪಳದ ಕಡೆಯವನು, ಯಲಹಂಕದ ಒಂದು ಕಾಲೇಜಿನಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ವಯಸ್ಸು ಐವತ್ತು ದಾಟಿತು, ಸಮುದ್ರ ನೋಡಿಲ್ಲ. ಕಾಲೇಜಿನ ಸ್ಟಾಫೆಲ್ಲ ಕಾರವಾರಕ್ಕೆ ಪ್ರವಾಸ ಹೋದಾಗ ನನಗೆ ಪರೀಕ್ಷೆಯ ಕೆಲಸ ಹಚ್ಚಿದರು. ಮುರುಡೇಶ್ವರಕ್ಕೆ ಟಿಕೆಟ್ ಮಾಡಿಸಿದಾಗ ಮಗಳಿಗೆ ಚಿಕನ್‌ಪಾಕ್ಸ್ ಬಂತು. ನಾನು ಕಂಡ ಅತಿ ದೊಡ್ಡ ನೀರೆಂದರೆ ತುಂಗಭದ್ರಾ ಡ್ಯಾಮಿನದು, ಅದಕ್ಕೂ ಎಲ್ಲೋ ಒಂದು ಕಡೆ ದಡ ಕಾಣುತ್ತಿತ್ತು. ಜಾಹೀರಾತಿನ ಸಮುದ್ರಕ್ಕೆ ದಡವೇ ಇರಲಿಲ್ಲ. ಬೂದು ಬಣ್ಣದ ಹಡಗೊಂದು ಅಲೆಯ ಮೇಲೆ ಮೂತಿ ಎತ್ತಿ ನಿಲ್ಲುತ್ತಿತ್ತು, ಅದರ ಮೇಲೆ ಮನುಷ್ಯರು ಇರುವೆಗಳಷ್ಟು ಕಾಣುತ್ತಿದ್ದರು, ದೂರದಲ್ಲಿ ದ್ವೀಪ ಕಪ್ಪಗೆ ಮಲಗಿತ್ತು. ತೋಪು ಹಾರುವ ಮೊದಲು ಒಂದು ಗಳಿಗೆ ಎಲ್ಲ ಸದ್ದೂ ನಿಂತುಬಿಡುತ್ತಿತ್ತು. ಪ್ರತಿಸಲವೂ ಆ ಗಳಿಗೆಯಲ್ಲಿ ನನ್ನ ಮೈ ಜುಮ್ಮೆನ್ನುತ್ತಿತ್ತು.

"ಇದು ಮೊಬೈಲ್‌ನ್ಯಾಗೂ ಬರ್ತೈತಂತಲ್ರೀ. ಅದ್ರಾಗ ನೋಡ್ರಿ," ಎಂದಳು ನನ್ನ ಹೆಂಡತಿ ಗಿರಿಜಾ.

ಸಮುದ್ರವನ್ನು ಅಂಗೈಯಲ್ಲಿ ನೋಡುವುದಕ್ಕಾಗಿ ನಾನು ಇಷ್ಟು ವರ್ಷ ಕಾದಿಲ್ಲ ಎಂದು ತಿಳಿಸಿದೆ.

ಆದರೆ ಭಾನುವಾರ ಬೆಳಿಗ್ಗೆ ನಮ್ಮ ಟಿ.ವಿ. ಗಿರಿಜಾಳ ಸ್ವಾಧೀನದಲ್ಲಿರುತ್ತದೆ. ಆಗ ಅವಳ ಅಡುಗೆ ಕಾರ್ಯಕ್ರಮ. ಉಭಯ ಪಕ್ಷಗಳ ನಡುವೆ ಮಾತುಕತೆ ನಡೆದು ಕೊನೆಗೊಂದು ಒಪ್ಪಂದವಾಯಿತು. ಸದರಿ ಒಪ್ಪಂದದ ಪ್ರಕಾರ ಆ ಒಂದು ತಾಸು ನನ್ನದು. ಪ್ರತಿಯಾಗಿ ತಿಂಗಳು ಪೂರ್ತಿ ಪಾತ್ರೆ ತೊಳೆಯುವುದು, ಹಾಗೂ ಅವಳ ಚಿಕ್ಕಮ್ಮನ ಮೊಮ್ಮಗನ ತೊಟ್ಟಿಲು ಕಾರ್ಯಕ್ಕೆ ಮುಖ ಗಂಟಿಕ್ಕದೆ ಬರುವುದು. ಪಾತ್ರೆ ತೊಳೆದೆ. ತೊಟ್ಟಿಲು ಕಾರ್ಯದಲ್ಲಿ ಎಷ್ಟು ನಕ್ಕೆನೆಂದರೆ, ಆರೋಗ್ಯ ಹೇಗಿದೆ ಎಂದು ಇಬ್ಬರು ವಿಚಾರಿಸಿದರು.

ಒಂದು ಸಂಗತಿ ಮಾತ್ರ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಅದೇ ಭಾನುವಾರ ಯಲಹಂಕದಲ್ಲಿ ಏರ್ ಶೋ. ನಾವಿರುವುದು ಬ್ಯಾಟರಾಯನಪುರದಲ್ಲಿ, ಒಂದನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಮಾಲೀಕರಾದ ಚಿಕ್ಕಮುನಿಯಪ್ಪ, ಮೇಲೆ ತಾರಸಿ, ತಾರಸಿಯ ಮೇಲೆ ನಮ್ಮ ಟಿ.ವಿ.ಯ ಡಿಶ್. ಏರ್ ಶೋ ಬಂತೆಂದರೆ ನಮ್ಮ ಕಡೆ ಮನೆಯೊಳಗೆ ಯಾರೂ ಇರುವುದಿಲ್ಲ, ಊರೆಲ್ಲ ತಾರಸಿಯ ಮೇಲೆ. ಚಿಕ್ಕಮುನಿಯಪ್ಪನವರು ವಿಮಾನ ತೋರಿಸುತ್ತೇನೆಂದು ನಾಗಸಂದ್ರದ ಬೀಗರನ್ನು ಕರೆದಿದ್ದರು. ಬೀಗರು ಮಕ್ಕಳುಮರಿ, ಚಾಪೆ, ಚಿತ್ರಾನ್ನದ ಡಬ್ಬಿ ಸಮೇತ ಬಂದಿಳಿದರು.

ಅಪಾಯ ನನಗೆ ತಕ್ಷಣ ಹೊಳೆಯಿತು. ಒಬ್ಬರ ಮೊಣಕೈ ತಾಗಿ ಡಿಶ್ ಅಲುಗಿದರೆ ಸಮುದ್ರವೇ ಹೋಯಿತು. ಡಿಶ್ಶಿನ ಸುತ್ತ ಪ್ಲಾಸ್ಟಿಕ್ ಕುರ್ಚಿಗಳನ್ನಿಟ್ಟು, ಬಟ್ಟೆ ಒಣಹಾಕುವ ಹಗ್ಗ ಬಿಗಿದು, ಅದಕ್ಕೆ ಬೆನ್ನು ಮಾಡಿ ನಾನೇ ಕಾವಲು ನಿಂತೆ.

"ಇದೇನ್ ಸಾರ್, ಅಗ್ಗ ಕಟ್ಬಿಟ್ಟಿದೀರಾ? ಒಳಗಡೆ ಏನ್ ದೇವ್ರೈತಾ?" ಎಂದರು ಚಿಕ್ಕಮುನಿಯಪ್ಪ.

"ಇದಕ್ಕ ಯಾರೂ ತಾಗಬಾರದ್ರೀ. ವಿಮಾನ ನೋಡೂಮುಂದ ಮನುಷ್ಯಾಗ ಮೈಮ್ಯಾಲೆ ಖಬರ್ ಇರೂದಿಲ್ಲ," ಎಂದೆ. ಬೀಗರಿಗೂ ಕೇಳಲೆಂದು ಸಾರ್ವಜನಿಕ ಶಿಸ್ತಿನ ಬಗ್ಗೆ ನಾಲ್ಕು ಮಾತಾಡಿದೆ. ಅವರು ಭಕ್ತಿಯಿಂದ ತಲೆಯಾಡಿಸಿ ದೂರ ಸರಿದು ಕೂತರು.

ಧಾರಾವಾಹಿ ಶುರುವಾಗಲು ಇನ್ನು ಸ್ವಲ್ಪವೇ ಹೊತ್ತು. ಕೆಳಗೆ ಹೋಗಿ ಕೂರಬೇಕೆಂದು ಹೊರಡುವುದರಲ್ಲಿದ್ದೆ. ಆಗ ಜಕ್ಕೂರಿನ ಕಡೆಯಿಂದ ಅದು ಬಂತು. ಮೊದಲು ಸದ್ದಿರಲಿಲ್ಲ, ವಿಮಾನ ಮಾತ್ರ ಕಂಡಿತು. ನೆತ್ತಿಯ ಮೇಲೆ ಬಂದಮೇಲೆ ಸದ್ದು ಬಿತ್ತು. ಕಿವಿಗಲ್ಲ, ನೇರ ಎದೆಗೂಡಿಗೇ. ವಿಮಾನ ಮೂಗನ್ನು ಮೇಲೆತ್ತಿ ಆಕಾಶದೊಳಕ್ಕೆ ನೆಟ್ಟಗೆ ಏರತೊಡಗಿತು, ಏರುತ್ತಲೇ ಹೋಯಿತು. ಮನುಷ್ಯ ಇಂಥದ್ದನ್ನೂ ಮಾಡಬಲ್ಲನಲ್ಲ ಎಂದು ನನ್ನ ಬಾಯಿ ತೆರೆಯಿತು. ಅದನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು ಕತ್ತನ್ನು ಹಿಂದಕ್ಕೆ ಬಾಗಿಸಿದೆ. ಕತ್ತು ಸಾಲದಾದಾಗ ಒಂದು ಹೆಜ್ಜೆ ಹಿಂದೆ ಇಟ್ಟೆ. ಆಮೇಲೆ ಇನ್ನೊಂದು.

ಹಗ್ಗ ಮೊಣಕಾಲಿನ ಹಿಂದೆ ಸಿಕ್ಕಿತು. ನಾನು ಡಿಶ್ಶಿನೊಳಗೆ ಕೂತೆ!

ಕೆಳಗಿನಿಂದ ಗಿರಿಜಾಳ ದನಿ ಬಂತು: "ರೀ, ಟಿ.ವಿ.ನ್ಯಾಗ ಏನೂ ಬರವಲ್ದು. ಯಾರ್ ಮುಟ್ಟಿದ್ರು ಡಿಶ್ಶಿಗೆ?"

ಬೀಗರೆಲ್ಲರೂ ಬಹಳ ಮರ್ಯಾದಸ್ಥರು. ಒಟ್ಟಾಗಿ ಆಕಾಶ ನೋಡಿದರು.

ಡಿಶ್ ರಿಪೇರಿಯವನಿಗೆ ಫೋನ್ ಮಾಡಿದೆ. "ಸರ್, ಇವತ್ತಾಗಲ್ಲ. ಫ್ಲೈಓವರ್ ಮೇಲೆ ಗಾಡಿ ನಿಲ್ಸ್ಕೊಂಡು ನಾನೂ ವಿಮಾನಾನೇ ನೋಡ್ತಿದೀನಿ," ಎಂದ. ಡಿಶ್ಶಿನ ಕಾಲು ಸೊಟ್ಟಗಾಗಿತ್ತು. ನಾನೇ ಎರಡೂ ಕೈಯಲ್ಲಿ ಹಿಡಿದು ತಿರುಗಿಸತೊಡಗಿದೆ. ಟಿ.ವಿ.ಯ ಮುಂದೆ ಗಿರಿಜಾ, ಮೆಟ್ಟಿಲ ಮೇಲೆ ಚಿಕ್ಕಮುನಿಯಪ್ಪ, ತಾರಸಿಯಲ್ಲಿ ನಾನು. ವರದಿ ಇದೇ ದಾರಿಯಲ್ಲಿ ಬರುತ್ತಿತ್ತು.

"ಬಂತೇನ್ರೀ?"

"ಇಲ್ವಂತೆ ಸಾರ್."

"ಈಗ?"

"ಸೊಲ್ಪ ಬಂದು ಓಯ್ತಂತೆ. ಅಂಗೇ ಒಸಿ ಬಗ್ಗಿಸಿ. ಆಂ... ಬಂತು, ಬಂತು. ಅಲ್ಲಾಡ್ಬೇಡಿ ಸಾರ್."

ಇಟ್ಟಿಗೆ ಒತ್ತುಕೊಟ್ಟು ನೋಡಿದೆ, ಹಗ್ಗ ಬಿಗಿದು ನೋಡಿದೆ. ಕೈ ಬಿಟ್ಟರೆ ಚಿತ್ರ ಹೋಗುತ್ತಿತ್ತು, ಹಿಡಿದರೆ ಬರುತ್ತಿತ್ತು. ಅಷ್ಟರಲ್ಲಿ ಧಾರಾವಾಹಿಯ ಸಂಗೀತ ಶುರುವಾಯಿತು. ವಿಮಾನಗಳೂ ಸ್ವಲ್ಪ ಬಿಡುವು ಕೊಟ್ಟಿದ್ದರಿಂದ ಬೀಗರು ಸಕುಟುಂಬ ಕೆಳಗಿಳಿದು ನಮ್ಮ ಹಾಲ್‌ನಲ್ಲಿ ಕೂತರು. ನನಗಾಗಿ ಮಾಡಿಸಿಟ್ಟಿದ್ದ ಮಂಡಕ್ಕಿ ಮಿರ್ಚಿಯ ವಾಸನೆ ತಾರಸಿಗೆ ಬಂತು.

ಹೀಗೆ ನಾನು ಕಾದಿದ್ದ ಸಮುದ್ರ ನನ್ನ ಕೈಗಳ ಮೂಲಕ ಹಾದು ನನ್ನದೇ ಮನೆಯೊಳಕ್ಕೆ ಇಳಿಯಿತು, ನಾನು ಬಿಸಿಲಲ್ಲಿ ನಿಂತಿದ್ದೆ. ಯಾರಿಗಾದರೂ ಹಿಡಿಯಲು ಹೇಳಬಹುದಿತ್ತು ನಿಜ. ಆದರೆ ಶಿಸ್ತಿನ ಭಾಷಣ ಮಾಡಿದ ಬಾಯಲ್ಲಿ ಆ ಮಾತು ಹೊರಡಲಿಲ್ಲ. ಮೊಬೈಲಿನಲ್ಲಾದರೂ ನೋಡೋಣವೆಂದರೆ ಮೂರನೇ ಕೈ ಇರಲಿಲ್ಲ.

"ಏನ್ ನಡದೈತ್ರೀ?" ಎಂದು ಕೂಗಿದೆ.

"ಅಡಗು ಬಂತು ಸಾರ್," ಎಂದರು ಮೆಟ್ಟಿಲ ಮೇಲಿನಿಂದಲೇ ಒಳಗೆ ಇಣುಕಿದ ಚಿಕ್ಕಮುನಿಯಪ್ಪ. "ಅಬ್ಬಬ್ಬಾ. ನಮ್ ಬೀದಿಗಿಂತ ಉದ್ದ ಐತೆ."

"ದ್ವೀಪ?"

ಅಷ್ಟರಲ್ಲಿ ಕೆಳಗೆ ಎಲ್ಲ ಸದ್ದೂ ನಿಂತಿತು. ನನಗೆ ಗೊತ್ತಿದ್ದ ಗಳಿಗೆ ಅದು. ಮೈ ಜುಮ್ಮೆಂದಿತು, ಡಿಶ್ ಹಿಡಿದಲ್ಲೇ. ಮುಂದಿನ ಕ್ಷಣ ಕೆಳಗೆ ತೋಪು ಹಾರಿತು. ಅದೇ ಹೊತ್ತಿಗೆ ನನ್ನ ತಲೆಯ ಮೇಲೆ ವಿಮಾನಗಳ ಒಂದು ಸಾಲೇ ಗುಡುಗುತ್ತಾ ಹೋಯಿತು. ಅಕ್ಕಪಕ್ಕದ ತಾರಸಿಗಳಿಂದ ಓ ಎಂಬ ಉದ್ಗಾರ ಎದ್ದಿತು. ತಲೆ ಎತ್ತಿದರೆ ಡಿಶ್ ಅಲುಗುತ್ತದೆ. ಎತ್ತಲಿಲ್ಲ. ಕೆಳಗೆ ನೌಕಾಪಡೆ, ಮೇಲೆ ವಾಯುಪಡೆ, ನಡುವೆ ನಾನು ಸಿಮೆಂಟಿನ ನೆಲ ನೋಡುತ್ತಾ ನಿಂತಿದ್ದೆ.

"ಚಿಕ್ಕಮುನಿಯಪ್ಪನೋರೆ, ಏನಾತು ಹೇಳ್ರಿ."

"ಒಸಿ ತಡೀರಿ ಸಾರ್, ಇಲ್ಲೊಬ್ಬ ಸಾಯ್ತಾವ್ನೆ," ಎಂದು ಅವರೂ ಒಳಗೆ ಹೋಗಿಬಿಟ್ಟರು.

ಬಿಸಿಲಿಗೆ ಮೂಗು ಕೆರಳಿ ಒಂದು ಸಲ ಸೀನಿದೆ. ಕೆಳಗೆ ಇಡೀ ಹಾಲ್ ಒಟ್ಟಿಗೆ ಅಯ್ಯೋ ಎಂದಿತು. ಗಾಬರಿಯಿಂದ ಡಿಶ್ ಸರಿಪಡಿಸಿದೆ, ಆಮೇಲೆ ಉಸಿರನ್ನೂ ಅಳೆದಳೆದು ಬಿಟ್ಟೆ.

ತಾಸು ಮುಗಿದ ಮೇಲೆ ಎಲ್ಲರೂ ಮೇಲೆ ಬಂದರು. ವಿಮಾನ ಹೋದರೂ ಯಾರೂ ತಲೆ ಎತ್ತಲಿಲ್ಲ, ಮಕ್ಕಳು ಕೂಡ. ಚಿಕ್ಕಮುನಿಯಪ್ಪನವರು, "ಅಷ್ಟೊಂದು ಜಾಗ ಸಾರ್. ಒಂದೇ ಒಂದು ಸೈಟ್ ಇಲ್ಲ," ಎಂದರು. ಅವರು ಜೀವಮಾನವೆಲ್ಲ ಜಮೀನು ಅಳೆದವರು.

ನಾನು ಗಿರಿಜಾಳನ್ನು ಕೇಳಿದೆ: "ಸಮುದ್ರ ಎಷ್ಟ್ ದೊಡ್ಡದಿತ್ತ?"

ಅವಳು ಎರಡೂ ಕೈ ಅಗಲಿಸಿದಳು. ಕೈಗಳನ್ನೇ ಒಮ್ಮೆ ನೋಡಿಕೊಂಡಳು, ಸಾಲದೆಂದು ಕೆಳಗಿಳಿಸಿದಳು. ನನಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು.

"ಮುಂದಿನ ವಾರ ಅಡುಗಿ ಕಾರ್ಯಕ್ರಮ ಬ್ಯಾಡ. ಇದನ್ನ ನೋಡೂದು," ಎಂದಳು.

"ನಾಳೇನ ರಿಪೇರಿಯವನ್ನ ಕರಸ್ತೀನಿ," ಎಂದೆ ಆಸೆಯಿಂದ.

"ಅಂವ ಯಾಕ? ಅಂವ ಕೂಡ್ರಿಸಿದಾಗ ಚಿತ್ರ ಇಷ್ಟ್ ಸ್ವಚ್ಛ ಬರ್ತಿದ್ದಿಲ್ಲ. ನೀವ ಹಿಡಕೊಳ್ರಿ. ಸೀನೂದೊಂದು ಬಿಟ್ರ ಭಾಳ ಚೊಲೊ ಹಿಡದಿದ್ರಿ ನೋಡ್ರಿ."

ಬೀಗರೂ ಹೌದೆಂದು ತಲೆಯಾಡಿಸಿದರು. ಇಷ್ಟು ವರ್ಷದ ಸರ್ವಿಸಿನಲ್ಲಿ ನನ್ನ ಕೆಲಸವನ್ನು ಎಲ್ಲರ ಎದುರು ಯಾರಾದರೂ ಹೊಗಳಿದ್ದು ಅದೇ ಮೊದಲು. ನಾಚಿಕೆಯ ವಿಷಯವೆಂದರೆ, ನನಗೆ ನಿಜಕ್ಕೂ ಸಂತೋಷವಾಯಿತು.