ಹೆಂಡತಿಗೆ ಅರುಂಧತಿ ತೋರಿಸಲು ಹೋಗಿ

ಆಕಾಶದಲ್ಲಿ ಒಂದು ನಕ್ಷತ್ರವನ್ನು ಹುಡುಕಿ ಹೆಂಡತಿಗೆ ತೋರಿಸುವುದು ಏನು ಮಹಾ ಕೆಲಸ ಎಂದು ನಾನು ಅಂದುಕೊಂಡಿದ್ದೆ. ಆಕಾಶ ಮೇಲೇ ಇರುತ್ತದೆ. ನಕ್ಷತ್ರ ಆಕಾಶದಲ್ಲೇ ಇರುತ್ತದೆ. ಕತ್ತು ಎತ್ತಿದರೆ ಮುಗಿಯಿತು. ಹೀಗೆ ಅಂದುಕೊಂಡವನು ಆ ಬೇಸಿಗೆಯಲ್ಲಿ ಕನಕಪುರ, ರಾಮನಗರ ಎರಡೂ ಊರಿನಲ್ಲಿ ಮಾನ ಕಳೆದುಕೊಂಡೆ.

ಇದು ಶುರುವಾದದ್ದು ಕೆಂಗಲ್ ಹತ್ತಿರದ ಒಂದು ಛತ್ರದಲ್ಲಿ, ದೂರದ ಸಂಬಂಧಿಕರ ಮದುವೆಯ ದಿನ. ಧಾರೆ ಮುಗಿದ ಮೇಲೆ ಪುರೋಹಿತರು ಗಂಡು ಹೆಣ್ಣನ್ನು ಬಾಗಿಲಾಚೆ ಕರೆತಂದು, ಮೇಲಕ್ಕೆ ಬೆರಳು ಮಾಡಿ, "ಅಗೋ ಅರುಂಧತಿ ನಕ್ಷತ್ರ. ಕಂಡಿತು ಅನ್ನಿ" ಎಂದರು. ಮಟಮಟ ಮಧ್ಯಾಹ್ನ. ತಲೆಯ ಮೇಲೆ ಶಾಮಿಯಾನ, ಅದರ ಮೇಲೆ ಸುಡುವ ಸೂರ್ಯ. ಗಂಡು ಹೆಣ್ಣು ಇಬ್ಬರೂ "ಕಂಡಿತು" ಎಂದರು. ಎಲ್ಲರೂ ಊಟಕ್ಕೆ ಓಡಿದರು.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತಿದ್ದ ನನ್ನ ಹೆಂಡತಿ ನಾಗರತ್ನ ಕೇಳಿದಳು, "ರೀ, ನಮ್ ಮದ್ವೇಲಿ ನಿಮ್ಗೆ ಅರುಂಧತಿ ಕಂಡಿತ್ತಾ?"

"ಕಾಣ್ದೆ ಏನು? ಚೆನ್ನಾಗೇ ಕಂಡಿತ್ತು."

"ನನ್ಗೆ ಕಾಣ್ನಿಲ್ಲ. ಸೋದರತ್ತೆ ಪಕ್ಕೆಗೆ ತಿವುದ್ರು, ಅದ್ಕೆ ಕಂಡ್ತು ಅಂದ್ಬುಟ್ಟೆ."

"ಹೋಗ್ಲಿ ಬುಡು. ಹಗಲೊತ್ತು ಯಾರ್ಗೆ ಕಾಣುತ್ತೆ? ಎಲ್ರೂ ಹಂಗೇ ಅನ್ನೋದು."

"ನಿಮ್ಗೆ ಕಂಡಿತ್ತು ಅಂದ್ರಲ್ಲ ಈಗ."

ನಾನು ಗೇರ್ ಬದಲಿಸಿದೆ. ಸ್ವಲ್ಪ ದೂರ ಹೋದ ಮೇಲೆ ಅವಳೇ ಮುಂದುವರಿಸಿದಳು. "ಬರೋ ತಿಂಗ್ಳು ನಮ್ ಸುಮನ ಮದ್ವೆ. ಅವತ್ತು ಪಕ್ಕದಲ್ಲಿ ನಿಂತ್ಕಂಡು, ನೋಡು ಮಗಾ ಅಂತ ಹೇಳೋಳು ನಾನು. ನಾನೇ ನೋಡ್ದೆ ಇರೋದ್ನ ಅವ್ಳಿಗೆ ನೋಡು ಅಂತ ಹೆಂಗೇಳ್ಲಿ? ಒಂದ್ಸಲ ನಿಜ್ವಾಗ್ಲೂ ನೋಡ್ಬೇಕು ಕಣ್ರೀ."

ನಾಗರತ್ನ ನನ್ನನ್ನು ಏನನ್ನಾದರೂ ಕೇಳುವುದೇ ಅಪರೂಪ. ಕೇಳಿದರೂ ಸೀಮೆಎಣ್ಣೆ, ಸೊಪ್ಪು ಇಂಥದ್ದೇ. ಆಕಾಶದಿಂದ ಏನನ್ನೂ ಕೇಳಿದವಳಲ್ಲ. ನನಗೆ ಒಳಗೇ ಹೆಮ್ಮೆಯಾಯಿತು. "ಅಷ್ಟೇ ತಾನೆ? ಇವತ್ತೇ ತೋರಿಸ್ತೀನಿ" ಎಂದುಬಿಟ್ಟೆ.

ಮಗಳು ಸುಮಳ ಹಳೆಯ ವಿಜ್ಞಾನದ ಪುಸ್ತಕ ತೆಗೆದು ಅಧ್ಯಯನ ನಡೆಸಿದೆ. ಉತ್ತರ ದಿಕ್ಕಿನಲ್ಲಿ ಸಪ್ತರ್ಷಿ ಮಂಡಲ. ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ. ಅವನಿಗೆ ಅಂಟಿಕೊಂಡು ಮಂಕಾಗಿ ಮಿನುಗುವವಳು ಅರುಂಧತಿ. ರಾತ್ರಿ ಊಟ ಮುಗಿಸಿ ಕನಕಪುರದ ನಮ್ಮ ಮನೆಯ ತಾರಸಿ ಹತ್ತಿದೆವು. ಎದುರಿಗೇ ಬೀದಿದೀಪ. ಅದರ ಬೆಳಕಿನಲ್ಲಿ ನಾಗರತ್ನಳ ಮೂಗುತಿ ಕಂಡಿತೇ ಹೊರತು ಬೇರೆ ಯಾವ ನಕ್ಷತ್ರವೂ ಕಾಣಲಿಲ್ಲ.

ಹೆದರುವ ಆಸಾಮಿ ನಾನಲ್ಲ. ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ದೀಪ ಹತ್ತಿಸುವುದು ಗೊತ್ತಿದ್ದವನಿಗೆ ಆರಿಸುವುದು ಗೊತ್ತಿರುವುದಿಲ್ಲವೇ? ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೆಳಗಿಳಿದು, ಕಂಬದ ಪೆಟ್ಟಿಗೆ ತೆರೆದು, ಸಾರ್ವಜನಿಕ ಹಿತದೃಷ್ಟಿಯಿಂದ ಫ್ಯೂಸ್ ಕಿತ್ತೆ. ಬೀದಿದೀಪ ಆರಲಿಲ್ಲ. ಬೀದಿಯ ಮನೆಗಳೆಲ್ಲ ಆರಿದವು.

ಧಾರಾವಾಹಿಯಲ್ಲಿ ಸೊಸೆ ಇನ್ನೇನು ಅತ್ತೆಗೆ ತಿರುಗಿ ಮಾತಾಡಬೇಕು ಅನ್ನುವ ಹೊತ್ತಂತೆ ಅದು. ಹೆಂಗಸರೆಲ್ಲ ಹೊರಗೆ ಬಂದರು. ಗಾಬರಿಯಲ್ಲಿ ಇನ್ನೊಂದು ಫ್ಯೂಸನ್ನೂ ಕಿತ್ತೆ. ಈಗ ಬೀದಿದೀಪವೂ ಆರಿತು. ಪಕ್ಕದ ಮನೆಯ ಪುಟ್ಟಸ್ವಾಮಿ, ನನ್ನ ಜೊತೆ ಓದಿದವನು, ನನ್ನ ಬಾಯಲ್ಲಿದ್ದ ಟಾರ್ಚಿನ ಬೆಳಕಿನಲ್ಲೇ ನನ್ನನ್ನು ಗುರುತು ಹಿಡಿದ.

"ಲೇ ಶಿವಣ್ಣ, ಏನ್ಲಾ ಮಾಡ್ತಿದೀಯ ಕಂಬದ ತಾವ?"

"ನಕ್ಷತ್ರ ನೋಡ್ಬೇಕಿತ್ತು ಕಣ್ಲಾ."

"ಪೆಟ್ಗೇಲಿ ನಕ್ಷತ್ರ ಇಟ್ಟವ್ರಾ?"

ಅವನನ್ನು ತಾರಸಿಗೆ ಕರೆದೊಯ್ದು ವಿಷಯ ಹೇಳಿದೆ. ಬೀದಿಯೆಲ್ಲ ಕತ್ತಲಾಗಿದ್ದರೂ ಉತ್ತರದ ಆಕಾಶ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಬೆಳಗುತ್ತಿತ್ತು. "ಯಾವನೋ ಇಷ್ಟೊಂದ್ ಬೆಳಕು ಹಾಕಿರೋನು? ಸಪ್ತರ್ಷಿಗಳೆಲ್ಲ ಮುಚ್ಚೋಗವ್ರೆ" ಎಂದು ಬೈದೆ.

"ಆ ದಿಕ್ಕಿಗೆ ಹಾರೋಳ್ಳಿ ಐತೆ ಕಣ್ಲಾ" ಎಂದ ಪುಟ್ಟಸ್ವಾಮಿ. "ಆ ಬೆಳಕು ನಿಂದೇ."

ಅವನು ಹೇಳಿದ್ದು ನಿಜವಾಗಿತ್ತು. ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಇನ್ನೂ ರಾಗಿ ಹೊಲಗಳಿದ್ದವು. ಆಮೇಲೆ ಒಂದರ ಪಕ್ಕ ಒಂದು ಕಾರ್ಖಾನೆಗಳು ಎದ್ದವು. ಹಿಂದಿನ ವರ್ಷ ನಮ್ಮ ಕಾಂಪೌಂಡಿನ ಸುತ್ತ ಎತ್ತರದ ಕಂಬ ನೆಟ್ಟು ದೊಡ್ಡ ದೊಡ್ಡ ದೀಪ ಹಾಕಿಸಿದವನು ನಾನೇ. ಆಯುಧಪೂಜೆಯ ದಿನ ನನಗೆ ಶಾಲು ಹೊದಿಸಿದ್ದರು. "ಇನ್ನು ಮುಂದೆ ಇಲ್ಲಿ ರಾತ್ರಿ ಎಂಬುದೇ ಇರುವುದಿಲ್ಲ" ಎಂದು ಭಾಷಣ ಬೇರೆ ಮಾಡಿದ್ದೆ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೆ ನೋಡಿ. ಆ ಶಾಲನ್ನೇ ನಾಗರತ್ನ ಈಗ ತಾರಸಿಯ ಗಾಳಿಗೆ ಹೊದ್ದುಕೊಂಡು ನಿಂತಿದ್ದಳು. ನನಗೆ ನಾಚಿಕೆಯಾಯಿತು.

"ರಾಮ್‌ನಗರದ ಬೆಟ್ಟದ ಕಡೆ ಹೋಗ್ಲಾ. ಅಲ್ಲಿ ಬಂಡೆ ಬುಟ್ರೆ ಏನೂ ಇಲ್ಲ" ಎಂದು ಪುಟ್ಟಸ್ವಾಮಿ ಸಲಹೆ ಕೊಟ್ಟ. ಮೊದಲು ಫ್ಯೂಸ್ ಹಾಕು ಅಂತಲೂ ಹೇಳಿದ.

ಮುಂದಿನ ಭಾನುವಾರ ಸಂಜೆ ರಾಮನಗರದ ಕಡೆಗೆ ಹೊರಟೆವು. ನಾಗರತ್ನ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು. ನಕ್ಷತ್ರ ನೋಡುವುದಕ್ಕೆ ಇಷ್ಟೆಲ್ಲ ಯಾಕೆ ಎಂದದ್ದಕ್ಕೆ, "ನಮ್ ಮದ್ವೇಲಿ ಹಿಂಗೇ ಅಲ್ವಾ ನಿಂತಿದ್ದಿದ್ದು" ಎಂದಳು. ನಾನು ಸ್ಕೂಟರಿನ ಕಿಕ್ಕರ್ ಒದ್ದೆ.

ಬಂಡೆಯ ಬುಡದಲ್ಲಿ ಕೂತೆವು. ಪುಟ್ಟಸ್ವಾಮಿ ಹೆದ್ದಾರಿಯನ್ನು ಮರೆತಿದ್ದ. ಲಾರಿಗಳು ಒಂದರ ಹಿಂದೆ ಒಂದು ಬಂದು ನಮ್ಮ ಮುಖಕ್ಕೆ ಬೆಳಕು ಎರಚಿ ಹೋಗುತ್ತಿದ್ದವು. ಬಹಳ ಹೊತ್ತು ಕತ್ತು ಎತ್ತಿ ಕೂತ ಮೇಲೆ ನನಗೆ ಒಂದು ಹೊಳೆಯುವ ಚುಕ್ಕೆ ಕಂಡಿತು.

"ಅಗೋ! ಅದೇ ಅರುಂಧತಿ."

ನಾಗರತ್ನ ಕೈ ಮುಗಿದಳು. ಕಣ್ಣು ಮುಚ್ಚಿ ಏನೋ ಬೇಡಿಕೊಂಡಳು. ಕಣ್ಣು ಬಿಟ್ಟು ಮತ್ತೆ ನೋಡಿದಳು.

"ರೀ, ಅದು ಹೋಗ್ತಾ ಐತೆ."

ಅರುಂಧತಿ ಕೆಂಪು ದೀಪ ಮಿಟುಕಿಸುತ್ತಾ ಬೆಂಗಳೂರಿನ ಕಡೆ ಇಳಿಯುತ್ತಿದ್ದಳು. ಪ್ರಯಾಣಿಕರನ್ನೂ ಹೊತ್ತಿದ್ದಳು ಅನ್ನಿಸುತ್ತದೆ.

ಅಷ್ಟರಲ್ಲಿ ನಮ್ಮ ಮೇಲೆ ಟಾರ್ಚ್ ಬೆಳಕು ಬಿತ್ತು. ಗಸ್ತಿನ ಪೊಲೀಸಿನವನೊಬ್ಬ. "ಯಾರ್ರೀ ಅದು ಬಂಡೆ ಮರೇಲಿ? ಏನ್ ಮಾಡ್ತಿದೀರ?"

"ನಕ್ಷತ್ರ ನೋಡ್ತಿದೀವಿ ಸಾರ್."

"ಇಲ್ಲಿಗ್ ಬರೋರೆಲ್ಲ ಅದ್ನೇ ಹೇಳೋದು" ಎಂದು ಆತ ಬೆಳಕನ್ನು ನನ್ನ ಬಕ್ಕತಲೆಯ ಮೇಲೆ ನಿಲ್ಲಿಸಿದ. ಆಮೇಲೆ ನಾಗರತ್ನಳ ಮಲ್ಲಿಗೆ ನೋಡಿದ. "ವಯಸ್ಸಾಗೈತೆ, ಒಸಿ ಮರ್ಯಾದೆಯಾಗ್ ಇರ್ಬಾರ್ದಾ? ಈಯಮ್ಮ ಯಾರು?"

"ನನ್ ಹೆಂಡ್ತಿ ಸಾರ್."

"ಹೆಂಡ್ತೀನ ಯಾರಾದ್ರೂ ಇಲ್ಲಿಗೆ ಕರ್ಕಂಡ್ ಬತ್ತಾರಾ?"

ನಾಗರತ್ನಳೇ ಮುಂದೆ ಬಂದು, ಮಗಳ ಮದುವೆಯಿಂದ ಹಿಡಿದು ಸೋದರತ್ತೆ ತಿವಿದದ್ದರವರೆಗೆ ಎಲ್ಲವನ್ನೂ ಹೇಳಿದಳು. ಆತ ಟಾರ್ಚ್ ಆರಿಸಿದ. "ನಮ್ ಮದ್ವೇಲೂ ಕಾಣ್ನಿಲ್ಲ ಕಣಮ್ಮ" ಎಂದು ಮೆಲ್ಲಗೆ ಹೇಳಿ, ನಮ್ಮನ್ನು ಹೆದ್ದಾರಿಯವರೆಗೆ ಬಿಟ್ಟು ಹೋದ.

ಮನೆಗೆ ಬಂದು ಬಾಡಿದ ಮಲ್ಲಿಗೆ ತೆಗೆಯುತ್ತಾ ನಾಗರತ್ನ ಹೇಳಿದಳು, "ಉಯ್ಯಂಬಳ್ಳಿಗೆ ಹೋಗಾನ. ನಮ್ ಚಿಕ್ಕಮ್ಮಂಗೆ ಲಗ್ನಪತ್ರಿಕೆ ಕೊಡ್ಬೇಕು. ಅಲ್ಲಿ ರಾತ್ರಿ ಆದ್ರೆ ಕರೆಂಟೇ ಇರಾಕಿಲ್ಲ."

ವಿದ್ಯುತ್ತನ್ನೇ ನಂಬಿ ಬದುಕುವ ನನಗೆ ಆ ಮಾತು ಚುಚ್ಚಿತು. ಆದರೂ ಹೋದೆವು. ಚಿಕ್ಕಮ್ಮ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಎರಡನೆಯ ಮುದ್ದೆ ತಟ್ಟೆಗೆ ಬೀಳುವಷ್ಟರಲ್ಲಿ ಕರೆಂಟ್ ಹೋಯಿತು. ನನ್ನ ಜೀವನದಲ್ಲಿ ಕರೆಂಟ್ ಹೋದದ್ದಕ್ಕೆ ಖುಷಿಪಟ್ಟದ್ದು ಅದೇ ಮೊದಲು.

ಕೈ ತೊಳೆದು ಅಂಗಳಕ್ಕೆ ಬಂದೆವು. ಆಕಾಶದ ತುಂಬ ನಕ್ಷತ್ರ. ಕಾರ್ಖಾನೆಯ ಎರಡನೆಯ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ ಕಾಲದಲ್ಲಿ ನನ್ನ ತಲೆಯ ಮೇಲೂ ಇಷ್ಟೇ ಇದ್ದಿರಬೇಕು. ನಾನು ಒಂದು ದಿನವೂ ಕತ್ತು ಎತ್ತಿರಲಿಲ್ಲ.

"ಏನ್ ನೋಡ್ತಾ ನಿಂತ್ರಿ? ಅವು ದಿನಾ ಇರ್ತಾವೆ" ಎಂದು ಚಿಕ್ಕಮ್ಮ ಒಳಗೆ ಹೋದರು.

ನಾನು ಉತ್ತರಕ್ಕೆ ತಿರುಗಿ ಸಪ್ತರ್ಷಿಗಳನ್ನು ಅಂದಾಜಿನ ಮೇಲೆ ಪತ್ತೆಮಾಡಿ, ಬಾಲದ ನಡುವಿನದು ವಸಿಷ್ಠ ಎಂದು ವಿವರಿಸಿದೆ. ನಾಗರತ್ನ ಉಸಿರು ಬಿಗಿಹಿಡಿದು ನೋಡಿದಳು.

"ಅಯ್ಯೋ, ಐತೆ ಕಣ್ರೀ. ಪಕ್ಕದಲ್ಲೇ ಪುಟ್ಟದಾಗಿ. ಒಂದೇ ಮನೇಲಿ ಇರೋ ಹಂಗೆ ಕೂತವಳೆ." ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ನಿಜ್ವಾಗ್ಲೂ ಐತೆ."

ನಾನು ನೋಡಿದೆ. ಕಣ್ಣು ಕಿರಿದು ಮಾಡಿ ನೋಡಿದೆ, ಉಜ್ಜಿ ನೋಡಿದೆ. ನನಗೆ ಅರುಂಧತಿ ಹಾಗಿರಲಿ, ವಸಿಷ್ಠನೇ ಒದ್ದೆಯಾದ ಹತ್ತಿಯ ಹಾಗೆ ಹರಡಿಕೊಂಡಿದ್ದ.

"ಕಂಡ್ತಾ?" ಎಂದಳು.

"ಹೂಂ. ಕಂಡ್ತು. ಚೆನ್ನಾಗೇ ಕಂಡ್ತು."

"ಯಾವ್ ಕಡೆ ಅವಳೆ, ಹೇಳಿ?"

"ಎಡಕ್ಕೆ. ಒಸಿ ಮೇಲೆ."

ಅವಳು ಆಕಾಶ ಬಿಟ್ಟು ನನ್ನ ಕಡೆ ತಿರುಗಿದಳು. ಕತ್ತಲಲ್ಲಿ ಮುಖ ಕಾಣಲಿಲ್ಲ, ನಗುತ್ತಿದ್ದಾಳೆ ಅನ್ನುವುದು ಮಾತ್ರ ಗೊತ್ತಾಯಿತು. "ಬಲಕ್ಕೆ ಕಣ್ರೀ. ಒಸಿ ಕೆಳಗೆ. ಮದ್ವೆ ದಿನಾನೂ ನೀವು ಹಿಂಗೇ ಅಲ್ವಾ ಅಂದಿದ್ದು?"

ಮರುದಿನ ಅವಳೇ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಗೋಡೆಯ ಮೇಲಿನ ಹಲಗೆಯಲ್ಲಿ ನಾನು ಓದಿದ್ದು ದೊಡ್ಡ ಅಕ್ಷರ ಒಂದನ್ನೇ. "ಇಷ್ಟು ದಿನ ಸ್ಕೂಟರ್ ಹೇಗೆ ಓಡಿಸ್ತಿದ್ರಿ?" ಎಂದು ಡಾಕ್ಟರು ಕೇಳಿದರು. "ಅಂದಾಜಿನ ಮೇಲೆ" ಎಂದಳು ನಾಗರತ್ನ. ಬೀದಿದೀಪ, ಹಾರೋಹಳ್ಳಿ, ಹೆದ್ದಾರಿ ಎಲ್ಲವನ್ನೂ ಬೈದುಕೊಂಡು ತಿರುಗಿದವನಿಗೆ ಕೊನೆಗೆ ದಪ್ಪ ಗಾಜಿನ ಕನ್ನಡಕ ಬಂತು.

ಚನ್ನಪಟ್ಟಣದ ಛತ್ರದಲ್ಲಿ ಸುಮಳ ಮದುವೆಯಾಯಿತು. ಬೆಳಗಿನ ಬಿಸಿಲಲ್ಲಿ ಪುರೋಹಿತರು ಬೆರಳೆತ್ತಿದರು. ಸುಮ ಮೇಲೆ ನೋಡಿ, ಆಮೇಲೆ ಅಮ್ಮನ ಕಡೆ ನೋಡಿದಳು. "ಅಲ್ಲೇ ಐತೆ ಮಗಾ. ಈಗ ಕಾಣಾಕಿಲ್ಲ, ಆದ್ರೆ ಐತೆ. ನಾನು ನೋಡಿವ್ನಿ" ಎಂದಳು ನಾಗರತ್ನ. ಆ ಮಾತನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ಪುರೋಹಿತರು ನನ್ನ ಕಡೆ ತಿರುಗಿ, "ಯಜಮಾನರಿಗೂ ಕಂಡಿತು ತಾನೆ?" ಎಂದರು. ಹೊಸ ಕನ್ನಡಕ ಸರಿಮಾಡಿಕೊಂಡು ನೋಡಿದೆ. ಸೋದರತ್ತೆ ಈಗಲೂ ಪಕ್ಕದಲ್ಲೇ ನಿಂತಿದ್ದರು, ತಿವಿಯಲು ಸಿದ್ಧರಾಗಿ.

"ಇಲ್ಲ" ಎಂದೆ.

ಎಲ್ಲರೂ ನನ್ನನ್ನೇ ನೋಡಿದರು. ಪುರೋಹಿತರ ಬೆರಳು ಮೇಲೇ ಉಳಿಯಿತು.

"ಪರ್ವಾಗಿಲ್ಲ ಮುಂದುವರ್ಸಿ ಸ್ವಾಮಿ" ಎಂದಳು ನಾಗರತ್ನ. "ಇಬ್ರಲ್ಲಿ ಒಬ್ರು ನೋಡಿದ್ರೆ ಸಾಕು."

ಶಾಮಿಯಾನದ ಮೂಲೆಯಲ್ಲಿ ಹಗಲಲ್ಲೂ ಒಂದು ಬಲ್ಬ್ ಉರಿಯುತ್ತಿತ್ತು. ನನಗೆ ಸ್ಪಷ್ಟವಾಗಿ ಕಂಡದ್ದು ಅದೊಂದೇ. ಹೋಗಿ ಆರಿಸಿ ಬಂದೆ.