ಮಲ್ಲಿಗೆ ತೋಟದಲ್ಲೊಂದು ಸೆಂಟಿನ ಶೀಶೆ

ನಮ್ಮ ಓರಗಿತ್ತಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ರೋಗದ ಹೆಸರು ಹೇಳುವುದು ಡಾಕ್ಟರ ಕೆಲಸ. ಲಕ್ಷಣಗಳನ್ನು ಮಾತ್ರ ಹೇಳುತ್ತೇನೆ, ತೀರ್ಮಾನ ನಿಮ್ಮದು. ನಮ್ಮ ಮನೆಯ ಹಿಂದೆಯೇ ಗುಂಡುಮಲ್ಲಿಗೆಯ ತೋಟ. ಧರ್ಮಪುರಿಯ ಹೂವಿನ ಮಾರುಕಟ್ಟೆಗೆ ನಮ್ಮಲ್ಲಿಂದ ದಿನವೂ ಮೂಟೆ ಹೋಗುತ್ತದೆ. ನಸುಕಿನಲ್ಲಿ ಹಿತ್ತಿಲ ಬಾಗಿಲು ತೆಗೆದರೆ ಸಾಕು, ಘಮ ನೆಂಟರ ಹಾಗೆ ಹೇಳದೆ ಕೇಳದೆ ಒಳಗೆ ನುಗ್ಗುತ್ತದೆ. ಇಂಥ ಮನೆಯ ಸೊಸೆ ಮೊಗ್ಗು ಕೀಳಲು ತೋಟಕ್ಕೆ ಹೊರಡುವ ಮುಂಚೆ ಕುತ್ತಿಗೆಯ ಎರಡೂ ಕಡೆ ಸೆಂಟು ಹೊಡೆದುಕೊಂಡು ಹೋಗುತ್ತಾಳೆ! ಈಗ ಹೇಳಿ.

"ಕೆರೆಗೆ ಓಗೋಳು ಕೊಡ ತುಂಬ್ಕೊಂಡ್ ಓದಂಗಾಯ್ತು," ಎನ್ನುತ್ತಿದ್ದರು ನಮ್ಮ ಅತ್ತೆ. ಅವರ ಬಾಯಲ್ಲಿ ಹಲ್ಲು ಒಂದೂ ಇರಲಿಲ್ಲ, ಆದರೂ ಮಾತು ಕಚ್ಚುತ್ತಿತ್ತು. "ಕಾಸ್ ಕೊಟ್ಟು ಗಾಳಿ ತಂದವ್ಳೆ ನೋಡು!"

"ನಾನೆಲ್ಲಿ ಕೊಟ್ಟೆ ಅತ್ತೆ, ಬೀಗ್ರು ಕೊಟ್ಟಿದ್ದು."

"ಅಂಗಾದ್ರೆ ಅವ್ರಿಗೂ ಐತೆ ನಿನ್ ರೋಗ."

ಬೀಗರು ಸೇಲಂನವರು. ಇವಳ ಮಗಳ ಮದುವೆಯಲ್ಲಿ ಸೀರೆಯ ಜೊತೆ ಈ ಶೀಶೆಯನ್ನೂ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ತಿಳಿಹಸಿರು ಗಾಜು, ಮೊಗ್ಗಿನ ಆಕಾರದ ಮುಚ್ಚಳ. ಡಬ್ಬಿಯ ಮೇಲೆ ಈ ಸೀಮೆಯಲ್ಲಿ ಯಾರೂ ಕಾಣದ ಯಾವುದೋ ಸಣ್ಣ ಸಣ್ಣ ಹೂಗಳ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನೇ ಓದಿ ಹೇಳಿದೆ: ಹೆಂಗಸರಿಗೆ, ವಸಂತಕಾಲಕ್ಕೆ ತಕ್ಕ ತೆಳುವಾದ ಹೂವಿನ ಪರಿಮಳ. ಓದಿದ್ದೇ ತಪ್ಪಾಯಿತು. ನರ್ಸ್ ಓದಿ ಹೇಳಿದ ಮೇಲೆ ಅದು ಔಷಧಿಯ ಚೀಟಿಯೇ ಅಲ್ಲವೇ?

"ಅಕ್ಕ, ಇದು ಊಟಕ್ ಮುಂಚೆನಾ, ಆದ್ಮೇಲಾ?"

ಅಂದಿನಿಂದ ವಸಂತ ಬರುವವರೆಗೆ ಮುಚ್ಚಳ ತೆಗೆಯುವ ಹಾಗಿಲ್ಲ. ಆದರೆ ನಮ್ಮ ಜಿಲ್ಲೆಗೆ ವಸಂತವನ್ನು ಎಲ್ಲಿಂದ ತರುವುದು? ಇಲ್ಲಿರುವುದು ಮೂರೇ ಕಾಲ: ಬಿಸಿಲು, ಕಡುಬಿಸಿಲು, ಪಕ್ಕದೂರಿಗೆ ಮಳೆ. ನಾನು ಕ್ಯಾಲೆಂಡರ್ ನೋಡಿ ಯುಗಾದಿಯಿಂದ ಶುರು ಮಾಡು ಎಂದೆ. ಅವಳು ಒಪ್ಪಲಿಲ್ಲ. "ಕ್ಯಾಲೆಂಡರ್ ಗೋಡೆಗೆ ಸರಿ ಅಕ್ಕ, ಗಿಡಕ್ಕೇನ್ ಗೊತ್ತು?" ಎಂದು ಬೀದಿಯ ಹೊಂಗೆಮರವನ್ನು ನೆಚ್ಚಿಕೊಂಡಳು. ಅದು ಹೂ ಬಿಟ್ಟರೆ ವಸಂತ, ಉದುರಿಸಿದರೆ ಮುಗಿಯಿತು. ಒಂದು ವರ್ಷ ಮರ ಅರ್ಧ ಮಾತ್ರ ಅರಳಿತು. ಅವಳು ಕುತ್ತಿಗೆಯ ಒಂದೇ ಕಡೆ ಹೊಡೆದುಕೊಂಡಳು.

ಇಷ್ಟೆಲ್ಲ ಮಾಡಿದ ಸೆಂಟು ಗಮ್ಮೆನ್ನುತ್ತದೆಯೇ? ಇಲ್ಲ! ಒಗೆದ ನೂಲಿನ ಸೀರೆ ಒಣಗುತ್ತಿರುವಾಗ ಯಾರೋ ಹೂಬುಟ್ಟಿ ಹಿಡಿದು ಆಚೆ ದಾಟಿಹೋದ ಹಾಗೆ ಒಂದು ನೆನಪು ಬರುತ್ತದೆ, ಅಷ್ಟೇ. ತಿರುಗಿ ನೋಡುವಷ್ಟರಲ್ಲಿ ಇರುವುದಿಲ್ಲ. ಹೀಗಾಗಿ ಅವಳಿಗೆ ಸದಾ ಅನುಮಾನ. ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುವುದು: "ಏನಾರ ವಾಸ್ನೆ ಬತ್ತೈತಾ?"

ಒಮ್ಮೆ ಓಮಲೂರಿನ ಬಸ್ಸಿನಲ್ಲಿ ನಮ್ಮ ಪಕ್ಕ ಒಬ್ಬ ಹೆಂಗಸು ಹೊಗೆನಕಲ್‌ನಿಂದ ತಂದ ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಇವಳು ಅವಳ ಕಡೆಗೆ ವಾಲಿ ಅದೇ ಪ್ರಶ್ನೆ ಕೇಳಬೇಕೆ?

"ಏನಮ್ಮಾ ಕೊಂಕು? ನಾನೂ ಟಿಕೆಟ್ ತಕ್ಕೊಂಡಿವ್ನಿ, ನನ್ ಮೀನಿಗೂ ಲಗೇಜ್ ಕೊಟ್ಟಿವ್ನಿ!"

"ಅಯ್ಯೋ, ನಿನ್ ಮೀನಲ್ಲ ತಾಯಿ, ನನ್ ವಾಸ್ನೆ!"

"ನಿನ್ನತ್ರ ಎಂತದ್ ವಾಸ್ನೆ? ಏನೂ ಇಲ್ಲ."

ಅವಮಾನವೆಂದರೆ ಇದು. ಓರಗಿತ್ತಿ ಚೀಲದಿಂದ ಶೀಶೆ ತೆಗೆದು ಅವಳ ಸೆರಗಿಗೆ ಫುಸ್ ಎನಿಸಿದಳು. ಮೀನಿನವಳು ಮೂಸಿದಳು. ಮುಖ ಸಡಿಲವಾಯಿತು. "ನಲ್ಲಾ ಇರುಕ್ಕೇ, ಚೆನ್ನಾಗೈತೆ! ಇನ್ನೊಂದ್ ಕಿತ ಒಡಿ." ಹಿಂದಿನ ಸೀಟಿನವರು ಕೈ ಚಾಚಿದರು. ಕಂಡಕ್ಟರು ಕಾಲರ್ ಎತ್ತಿ ಕುತ್ತಿಗೆ ಕೊಟ್ಟ. ಒಂದು ವಸಂತಕ್ಕೆ ಆಗುವಷ್ಟು ಸೆಂಟು ತೊಪ್ಪೂರು ಘಾಟಿ ಇಳಿಯುವುದರೊಳಗೆ ಖಾಲಿ. ಇಳಿದ ಮೇಲೆ ನಾನು ಬೈದೆ. "ಆದ್ರೂ ವಾಸ್ನೆ ಬತ್ತೈತೆ ಅಂತ ಗೊತ್ತಾಯ್ತಲ್ಲಕ್ಕ," ಎಂದಳು.

ಮುಗಿದಾಗ ಸೇಲಂಗೆ ಹೋಗಿ ಇನ್ನೊಂದು ತರುತ್ತಿದ್ದಳು. ಹೀಗೆ ನಡೆಯುತ್ತಿರಲು ಒಂದು ಸಲ ಅಂಗಡಿಯ ಹುಡುಗಿ ತಲೆಯಾಡಿಸಿದಳು. "ಅದು ಇನಿಮೇ ವರಾದುಮ್ಮಾ. ಕಂಪನಿಯಲೇ ನಿಪ್ಪಾಟ್ಟಿಟ್ಟಾಂಗ." ಕಂಪನಿಯವರೇ ನಿಲ್ಲಿಸಿಬಿಟ್ಟಿದ್ದಾರೆ, ಇನ್ನು ಬರುವುದಿಲ್ಲ ಎಂದರೆ ಇವಳಿಗೆ ಅರ್ಥವಾಗಲಿಲ್ಲ.

"ಯಾಕಂತೆ? ಅಣ್ತಮ್ಮಂದ್ರು ಭಾಗ ಆದ್ರಾ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಸೀಲಿಂಗ್ ಫ್ಯಾನ್ ನೋಡಿದೆ.

ಹುಡುಗಿ ಬೇರೆ ಸೆಂಟುಗಳನ್ನು ಕಾಗದದ ಚೂರುಗಳಿಗೆ ಹಾಕಿ ಮೂಸಲು ಕೊಟ್ಟಳು. ಓರಗಿತ್ತಿ ಒಂದೊಂದಕ್ಕೂ ತೀರ್ಪು ಕೊಟ್ಟಳು: "ಇದು ಊದುಬತ್ತಿ. ಇದು ಪಾಯಸ. ಇದು ಮದ್ವೆ ಮನೇಲಿ ಓಡಾಡೋ ಗಂಡಸ್ರು." ಕೊನೆಗೆ ಓಮಲೂರಿನ ಫ್ಯಾನ್ಸಿ ಸ್ಟೋರಿನ ಮೂಲೆಯಲ್ಲಿ ಧೂಳು ಹಿಡಿದ ಒಂದು ಶೀಶೆ ಸಿಕ್ಕಿತು. ಜಗತ್ತಿನ ಕೊನೆಯ ಶೀಶೆ ಅದೇ ಎಂದು ಅವಳೇ ನಿರ್ಧರಿಸಿದಳು.

ಮನೆಗೆ ಬಂದವಳೇ ಎಲ್ಲರನ್ನೂ ಕೂರಿಸಿ ಘೋಷಿಸಿದಳು. ಇನ್ನು ಮೇಲೆ ವಸಂತವೂ ಇಲ್ಲ, ಹೊಂಗೆಯೂ ಇಲ್ಲ. ಈ ಶೀಶೆ ಅವಳು ಸತ್ತ ದಿನಕ್ಕೆ! ನಮ್ಮ ಕಡೆ ಹೆಣಕ್ಕೆ ಹೂ ಹೊರಿಸುವುದನ್ನು ನೀವು ನೋಡಿರಬೇಕು. ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗುತ್ತಾರೆ. ಅದೊಂದೂ ಕೂಡದು. ಒಂದು ಎಸಳು ಮಲ್ಲಿಗೆ ಬಿದ್ದರೂ ಎದ್ದು ಕೂರುತ್ತೇನೆ ಎಂದಳು.

"ಮಲ್ಲಿಗೆ ಏನೇ ಮಾಡಿತು ನಿನಗೆ?" ಎಂದೆ.

"ಆ ವಾಸ್ನೆ ಬಂದ್ರೆ ಸೊಂಟ ನೋಯ್ತದೆ ಕಣಕ್ಕ. ಏಳ್ ವರ್ಸದ ಮಗು ಆಗಿದ್ದಾಗಿಂದ ಬಗ್ಗಿ ಕಿತ್ತಿವ್ನಿ. ಸತ್ತ ಮೇಲೂ ನೋಯ್ಬೇಕಾ?"

ಅತ್ತೆ ಮೂಲೆಯಿಂದಲೇ ಕೂಗಿದರು: "ಸಾಯೋದ್ರಲ್ಲೂ ನನ್ಗಿಂತ ಮುಂದೆ ಓಗ್ತೀಯೇನ್ಲೇ? ಸಾಲಲ್ಲಿ ನಿಂತ್ಕೊ!"

ಈ ವರ್ಷ ಹೂವಿನ ಸುಗ್ಗಿಯ ನಡುವೆ ಅತ್ತೆ ಜ್ವರ ಹಿಡಿದು ಮಲಗಿದರು. ಮನೆಯನ್ನು ವಾರ್ಡು ಮಾಡಿದೆ: ಹೊತ್ತಿಗೆ ಸರಿಯಾಗಿ ಗಂಜಿ, ಮಾತ್ರೆ, ಮೈ ಒರೆಸುವುದು, ಮಗ್ಗುಲು ಬದಲಿಸುವುದು. ಡಾಕ್ಟರು ಬಂದು ನೋಡಿ, ವಯಸ್ಸಾಗಿದೆ ಎಂದು ನನ್ನನ್ನು ಹೊರಗೆ ಕರೆದು ಹೇಳಿ ಹೋದರು. ಒಂದು ಮಧ್ಯಾಹ್ನ ಅತ್ತೆಯ ಎರಡೂ ಕೈ ಹೊದಿಕೆಯನ್ನು ಚಿವುಟತೊಡಗಿದವು. ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಸೆಳೆತ, ಮಡಿಲಿಗೆ ಒಂದು ಎಸೆತ. ಮತ್ತೆ ಸೆಳೆತ. ರೋಗಿ ಹಾಸಿಗೆ ಬಟ್ಟೆ ಕೀಳತೊಡಗಿದರೆ ಕೊನೆ ಹತ್ತಿರ ಬಂತೆಂದು ನರ್ಸ್ ಆದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಕೈ ಹಿಡಿದುಕೊಂಡೆ. ಬಿಡಿಸಿಕೊಂಡರು.

"ಬಿಡಮ್ಮಿ, ಒತ್ತು ಉಟ್ತೈತೆ. ಮೊಗ್ಗೆಲ್ಲ ಅರಳೋಗ್ತವೆ. ಇನ್ನೂ ನಾಕ್ ಸಾಲೈತೆ."

ಹಣೆಯಲ್ಲಿ ಬೆವರು, ಉಸಿರು ಮೇಲೆ ಕೆಳಗೆ. ಆದರೂ ಕೈ ನಿಲ್ಲದು. ಎಷ್ಟು ಕಿತ್ತರೂ ಮುಗಿಯದ ತೋಟ ಅದು.

ಓರಗಿತ್ತಿ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ಬೀರು ತೆಗೆದಳು. ಮೊಗ್ಗಿನ ಮುಚ್ಚಳ ಬಿಚ್ಚಿ, ಅತ್ತೆಯ ಅಂಗೈಗೆ, ಬೆರಳ ಸಂದಿಗೆ, ಮಲ್ಲಿಗೆ ತೊಟ್ಟಿನ ಕರೆ ಹತ್ತಿ ಕಪ್ಪಾಗಿದ್ದ ಉಗುರುಗಳಿಗೆ ಹೊಡೆದಳು. ಶೀಶೆ ಕೆಮ್ಮಿ ಬರಿಗಾಳಿ ಉಗುಳುವವರೆಗೂ ಹೊಡೆದಳು. ಆಮೇಲೆ ಆ ಕೈಗಳನ್ನು ಅತ್ತೆಯ ಮೂಗಿನ ಹತ್ತಿರ ತಂದಳು.

"ಮೂಸಿ ಅತ್ತೆ. ಇದು ನಮ್ ಗಿಡದ್ ಊವಲ್ಲ."

ಅತ್ತೆ ಬಹಳ ಹೊತ್ತು ಮೂಸಿದರು. "ಯಾರ್ದಮ್ಮಿ?"

"ಯಾರ್ದೋ. ಅದನ್ನ ಕೀಳೋರು ಬೇರೆ ಅವ್ರೆ. ನೀವ್ ಮನಿಕ್ಕೊಳಿ."

ಕೈಗಳು ಹೊದಿಕೆಯ ಮೇಲೆ ಇಳಿದವು. ಬೆರಳು ಒಂದೆರಡು ಸಲ ಅಲುಗಿ, ಆಮೇಲೆ ಬಿಚ್ಚಿಕೊಂಡು ಸುಮ್ಮನೆ ಬಿದ್ದುಕೊಂಡವು.