ಉಡಿ ತುಂಬಿದವರಿಗೆ ಬಾಡಿಗೆ ಭತ್ಯೆ ಇಲ್ಲ

ಮಸ್ಕತ್, ಆಗಸ್ಟ್ 2016

ನಮ್ಮ ಕಂಪನಿಯ ಆಡಳಿತ ವಿಭಾಗದ ಮುಖ್ಯಸ್ಥರೂ, ವಸತಿ ಭತ್ಯೆ ಪರಿಶೀಲನಾ ಸಮಿತಿಯ ಅಧ್ಯಕ್ಷರೂ, ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಯ ಗೌರವ ಸಂಪಾದಕರೂ ಆದ ಶ್ರೀಯುತ ಭೋಜರಾಜ ಅವರ ಸನ್ನಿಧಿಗೆ,

ಮಾನ್ಯರೇ ಎಂದಷ್ಟೇ ಬರೆದರೆ ತಮ್ಮ ಮೂರು ಹುದ್ದೆಗಳಿಗೆ ಸಾಲದಾದೀತು. ಆದ್ದರಿಂದ ಮಾನ್ಯರೇ, ಮಾನ್ಯರೇ, ಮಾನ್ಯರೇ,

ಘಾಲಾ ವರ್ಕ್‌ಶಾಪಿನ ಜನರೇಟರ್ ವಿಭಾಗದ ಎಂಜಿನಿಯರ್ ಗೂಳಪ್ಪನು ಮಾಡುವ ವಿನಯಪೂರ್ವಕ ನಮಸ್ಕಾರಗಳು. ಈ ಕಡು ಬಿಸಿಲಿನಲ್ಲೂ ಖುರುಮ್‌ನ ಮುಖ್ಯ ಕಚೇರಿಯ ತಮ್ಮ ಕೋಣೆಯಲ್ಲಿ ಏಸಿ ಎಷ್ಟು ಚೆನ್ನಾಗಿ ನಡೆಯುತ್ತಿದೆಯೆಂದರೆ ತಾವು ಸ್ವೆಟರ್ ತೊಟ್ಟು ಕೂರಬೇಕಾಗಿದೆ ಎಂದು ಕೇಳಿ ನಮಗೆಲ್ಲ ಅಪಾರ ಸಮಾಧಾನವಾಯಿತು. ಕಚ್ಚಾ ಎಣ್ಣೆಯ ಬೆಲೆ ಬಿದ್ದ ಮೇಲೆ ಉಳಿತಾಯದ ಸಲುವಾಗಿ ನಮ್ಮ ಕಡೆಯ ಏಸಿಯನ್ನು ಮಧ್ಯಾಹ್ನ ಆರಿಸಬೇಕೆಂದು ತಾವು ಹೊರಡಿಸಿದ ಆದೇಶವನ್ನು ನಾವು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ, ಮತ್ತು ಉಳಿಸಿದ ತಂಪು ಎಲ್ಲಿಗೆ ಹೋಯಿತೆಂದು ಈಗ ತಿಳಿಯಿತು.

ಕಳೆದ ಬಳಗದ ಸಭೆಯಲ್ಲಿ ತಾವು ಮೈಕು ಹಿಡಿದು, "ನಮ್ಮವರು ಕನ್ನಡದಲ್ಲಿ ಬರೆಯುವುದನ್ನೇ ಬಿಟ್ಟಿದ್ದಾರೆ ಮಾರಾಯ್ರೇ, ಯಾರಾದರೂ ಎಂತದಾದರೂ ಬರೆದು ಕೊಡಿ, ಒಂದಕ್ಷರ ತಿದ್ದದೆ ಹಾಕ್ತೇನೆ" ಎಂದು ಅಂಗಲಾಚಿದ್ದು ನನ್ನ ಮನಸ್ಸಿಗೆ ನಾಟಿತು. ರೋಣ ತಾಲೂಕಿನವನಾದ ನನಗೆ ಕರಾವಳಿಯವರಾದ ತಮ್ಮಷ್ಟು ಶುದ್ಧವಾಗಿ ಬರೆಯಲು ಬರದಿದ್ದರೂ, ತಮ್ಮ ಕರೆಗೆ ಓಗೊಟ್ಟು ಈ ಪತ್ರವನ್ನು ಸಂಚಿಕೆಗೆಂದೇ ಬರೆದಿದ್ದೇನೆ. ಸಂಚಿಕೆ ಅಚ್ಚಾಗುವುದು ತಡವಾಗಬಹುದೆಂಬ ಕಾಳಜಿಯಿಂದ ಬಳಗದ ವಾಟ್ಸಾಪ್ ಗುಂಪಿಗೂ ಒಂದು ಪ್ರತಿ ಹಾಕಿರುತ್ತೇನೆ.

ಓದುಗರ ಅನುಕೂಲಕ್ಕಾಗಿ ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು. ತಮಗೆ ಗೊತ್ತಿರುವುದೇ, ಬೇಸರಿಸಬಾರದು. ಒಳ್ಳೆಯ ಕಾಲದಲ್ಲಿ, ವಿದೇಶಿಯರೂ ಮನೆ ಕೊಳ್ಳಬಹುದಾದ ಸಮುದ್ರದ ಬದಿಯ ವಸಾಹತಿನಲ್ಲಿ, ಬ್ಯಾಂಕಿನ ಸಾಲ ಮಾಡಿ ನಾನೊಂದು ಸಣ್ಣ ಫ್ಲ್ಯಾಟ್ ಕೊಂಡೆ. ಸಮುದ್ರ ಕಾಣುವುದು ಬಚ್ಚಲಿನ ಕಿಟಕಿಯಿಂದ ಮಾತ್ರ, ಅದೂ ಬಕೆಟ್ಟಿನ ಮೇಲೆ ಹತ್ತಿ ನಿಂತರೆ. ಆದರೂ ನನ್ನ ಹೆಂಡತಿ ಪ್ರತಿಮಾ ಊರಿಗೆ ಫೋನು ಹಚ್ಚಿದಾಗಲೆಲ್ಲ "ಸಮುದ್ರದ ಮನಿ" ಎಂದೇ ಹೇಳುತ್ತಿದ್ದಳು. ಎಣ್ಣೆಯ ಬೆಲೆ ಜಾರಿದ್ದೇ ತಡ, ನಮ್ಮ ಸಂಬಳಕ್ಕೆ ಕತ್ತರಿ ಬಿತ್ತು, ಅದರ ಬೆನ್ನಿಗೇ ತಮ್ಮ ಮೊದಲ ಸುತ್ತೋಲೆ ಬಂತು: ನೌಕರನಾಗಲಿ, ಅವನ ಹೆಂಡತಿಯಾಗಲಿ ಮಸ್ಕತ್ತಿನಲ್ಲಿ ಸ್ವಂತ ಮನೆ ಹೊಂದಿದ್ದರೆ ವಸತಿ ಭತ್ಯೆ ಬಂದ್. ಬ್ಯಾಂಕಿನ ಕಂತು ಮಾತ್ರ ಬಂದ್ ಆಗಲಿಲ್ಲ, ಬ್ಯಾಂಕಿನವರು ತಮ್ಮ ಸುತ್ತೋಲೆಯನ್ನು ಓದಿರಲಿಲ್ಲವೆಂದು ಕಾಣುತ್ತದೆ.

ಆಗ ನಾನು ಕಂಗಾಲಾಗಿ ತಮ್ಮ ಬಳಿ ಬಂದೆ. ತಾವು ಬಾಗಿಲು ಮುಂದೆ ಮಾಡಿ, ಸುಲೈಮಾನಿ ಚಹಾ ತರಿಸಿ, ಅಣ್ಣನ ವಾತ್ಸಲ್ಯದಿಂದ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ಯಾಕೆ ತಲೆಬಿಸಿ ಮಾಡ್ತೀರಿ? ಮನೆ ಮಾರಿ, ಅದರಲ್ಲೇ ಬಾಡಿಗೆಗೆ ಕೂತ್ಕೊಳ್ಳಿ. ಸಾಲ ಖಲಾಸ್. ಬಾಡಿಗೆಗೆ ಅಲವೆನ್ಸ್ ಬರ್ತದೆ, ನಾನು ಮಾಡಿಸಿ ಕೊಡ್ತೇನೆ. ಗಿರಾಕಿಯೂ ನನ್ನ ಕೈಯಲ್ಲಿದ್ದಾರೆ." ಆಹಾ! ಮಾಡಿದ ರೋಗ, ಕೊಟ್ಟ ಮದ್ದು, ಅಂಗಡಿ, ಎಲ್ಲವೂ ಒಂದೇ ಮೇಜಿನ ಮೇಲೆ ಸಿಗುವ ಇಂಥ ಕಚೇರಿ ಇನ್ನೆಲ್ಲಿದೆ? ನಾನು ಮಾರಿದೆ. ಬಂದ ಹಣ ಬ್ಯಾಂಕಿನ ಬಾಯಿಗೆ ಹೋಗಿ, ಉಳಿದದ್ದರಲ್ಲಿ ಪ್ರತಿಮಾ ಒಂದು ಕುಕ್ಕರ್ ಕೊಂಡಳು. ನಾವು ಒಂದು ಚಮಚವನ್ನೂ ಕದಲಿಸದೆ ಅದೇ ಮನೆಯಲ್ಲಿ ಬಾಡಿಗೆದಾರರಾದೆವು. ಕೊಂಡವರ ಹೆಸರನ್ನು ಅದರ ಜಾಗ ಬಂದಾಗ ಬರೆಯುತ್ತೇನೆ, ತಮಗೇನೂ ಅವಸರವಿರಲಿಕ್ಕಿಲ್ಲ.

ಸಹಿ ಒಣಗುವ ಮೊದಲೇ ತಮ್ಮ ಎರಡನೆಯ ಸುತ್ತೋಲೆ ಬಂತು. ತಾನು ಮೊದಲು ಒಡೆಯನಾಗಿದ್ದ ಮನೆಯಲ್ಲೇ ಬಾಡಿಗೆಗಿರುವ ನೌಕರನಿಗೆ ಐದು ವರ್ಷ ಭತ್ಯೆಯಿಲ್ಲ. ಮಾರದೆ ಆ ಮನೆಯಲ್ಲಿ ಇರುವುದು ಸಾಧ್ಯವೇ ಇರಲಿಲ್ಲವೆಂದು ಸಾಬೀತುಪಡಿಸಿದರೆ ಮಾತ್ರ ಉಂಟು. ಮಾರಿಬಿಟ್ಟ ಮೇಲೆ, ಮಾರದಿದ್ದರೆ ಏನಾಗುತ್ತಿತ್ತೆಂದು ಸಾಬೀತುಪಡಿಸುವುದು ಹೇಗೆಂದು ನಾನು ಬಹಳ ಯೋಚಿಸಿದೆ. ಬ್ಯಾಂಕಿನವರ ಪತ್ರ ಕೊಟ್ಟೆ, ಸಂಬಳದ ಚೀಟಿ ಕೊಟ್ಟೆ. ಸಮಿತಿಯು ಅವನ್ನು ಸ್ವೀಕರಿಸದೆ, ನೇರವಾಗಿ ನಮ್ಮ ಮನೆಗೇ ತಪಾಸಣೆಗೆ ಬರುವ ಶ್ರಮ ತೆಗೆದುಕೊಂಡಿತು.

ಆ ತಪಾಸಣೆಯ ಸೂಕ್ಷ್ಮತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಾವು ಮೂವರು ಸದಸ್ಯರೂ ಸೋಫಾದಲ್ಲಿ ಕುಳಿತು, ಪ್ರತಿಮಾ ಮಾಡಿದ ಚುರುಮುರಿ ಸೂಸಲವನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಬಾಯಿ ಒರೆಸಿಕೊಂಡು, ಗೋಡೆಗೆ ಮೊಳೆಗಳಿವೆಯೆಂದು ಬರೆದುಕೊಂಡಿರಿ. ಬಾಡಿಗೆದಾರನಾದವನು ಅಷ್ಟು ಧೈರ್ಯವಾಗಿ ಮೊಳೆ ಹೊಡೆಯುವುದಿಲ್ಲವಂತೆ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ನಮ್ಮ ಮಗ ಆಕಾಶನ ಎತ್ತರವನ್ನು ವರ್ಷ ವರ್ಷವೂ ಪೆನ್ಸಿಲಿನಿಂದ ಗುರುತಿಸಿದ್ದನ್ನು ಬೆರಳಿಟ್ಟು ನೋಡಿ, ಇದು ಒಡೆತನದ ಭಾವನೆಗೆ ಸಾಕ್ಷಿ ಎಂದಿರಿ. ಸ್ವಾಮಿ, ಹುಡುಗ ಬಾಡಿಗೆ ಮನೆಯಲ್ಲೂ ಬೆಳೆಯುತ್ತಾನಲ್ಲ! ಇದರಲ್ಲಿ ಇನ್ನೊಂದು ಸೊಗಸೂ ಇದೆ. ಅದರ ಹಿಂದಿನ ವಾರವಷ್ಟೇ ಮನೆ ಮಾಲೀಕರ ಕಡೆಯಿಂದ, "ಬಾಡಿಗೆಗೆ ಇರುವವರು ಹೀಗೆಲ್ಲ ಗೀಚಬಾರದು, ಒರೆಸಿ ತೆಗೀರಿ" ಎಂದು ಹೇಳಿಕಳುಹಿಸಿದ್ದರು. ಒರೆಸಿದರೆ ಬಾಡಿಗೆದಾರ, ಬಿಟ್ಟರೆ ಒಡೆಯ. ನಾನು ಒದ್ದೆ ಬಟ್ಟೆ ಹಿಡಿದು ಬಾಗಿಲ ಬಳಿ ನಿಂತವನು ಅರ್ಧ ತಾಸು ಹಾಗೇ ನಿಂತಿದ್ದೆ.

ಈಗ ಮುಖ್ಯ ಸಾಕ್ಷ್ಯಕ್ಕೆ ಬರುತ್ತೇನೆ. ಮನೆ ಕೊಂಡ ಹೆಣ್ಣುಮಗಳು ತಮ್ಮ ಕಡೆಯ ಪದ್ಧತಿಯಂತೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕೆಂದು ಒಂದು ಶುಕ್ರವಾರ ಬೆಳಿಗ್ಗೆ ಬಂದರು. ನಮ್ಮದೇ ಒಲೆ, ನಮ್ಮದೇ ಪಾತ್ರೆ, ಹಾಲು ಮಾತ್ರ ಅವರು ತಂದದ್ದು. ಉಕ್ಕಿದ್ದನ್ನು ಒರೆಸಿದ್ದು ನಾನು. ಎಲ್ಲ ಮುಗಿಸಿ ಅವರು ಹೊರಟಾಗ ಪ್ರತಿಮಾಳಿಗೆ ತಡೆಯಲಿಲ್ಲ. ನಮ್ಮ ಕಡೆ ಮುತ್ತೈದೆ ಮನೆಗೆ ಬಂದರೆ ಉಡಿ ತುಂಬದೆ ಕಳಿಸುವುದು ಅವಮಾನ. "ಬರೀ ಉಡೀಲೆ ಹೆಂಗ ಕಳಸೂದ್ರೀ? ಮನಿ ಯಾರದರ ಆಗ್ಲಿ, ಬಂದಾಕಿ ಹೆಣ್ಮಗಳ ಹೌದಲ್ಲ" ಎಂದು ನನ್ನನ್ನೇ ಗದರಿ, ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಅದರ ಮೇಲೆ ತಾನು ಮುಚ್ಚಟೆಯಿಂದ ಎತ್ತಿಟ್ಟಿದ್ದ ಗುಳೇದಗುಡ್ಡದ ಕುಪ್ಪಸದ ಖಣ ಇಟ್ಟು, ಆ ಹೆಣ್ಣುಮಗಳ ಸೆರಗಿಗೆ ಉಡಿ ತುಂಬಿದಳು. ಅವರ ಜೊತೆ ಬಂದವರಲ್ಲಿ ಯಾರೋ ಫೋಟೋ ತೆಗೆದರು.

ಮಾನ್ಯರೇ, ಆ ಫೋಟೋ ತಮ್ಮ ಕಡತದಲ್ಲಿ ಹೇಗೆ ಬಂದು ಕುಳಿತಿತೋ ನಾನು ಕೇಳುವುದಿಲ್ಲ. ಸಮಿತಿಯ ಇನ್ನಿಬ್ಬರಿಗೆ ಉಡಿಯೆಂದರೆ ಏನೆಂದು ಗೊತ್ತಿರದ ಕಾರಣ ತಾವೇ ಇಂಗ್ಲಿಷಿನಲ್ಲಿ ವಿವರಿಸಿದಿರಂತೆ: ಇದು ಮನೆಯೊಡತಿಯು ಅತಿಥಿಗೆ ಮಾಡುವ ಗೌರವ, ಉಡಿ ತುಂಬುತ್ತಿರುವವರು ಅರ್ಜಿದಾರನ ಹೆಂಡತಿ, ಆದ್ದರಿಂದ ಮನೆಯೊಡತಿ ಆಕೆಯೇ. ಹದಿನಾರಾಣೆ ಸರಿಯಾದ ವ್ಯಾಖ್ಯಾನ! ನಮ್ಮ ಪದ್ಧತಿಯನ್ನು ಕರಾವಳಿಯವರೊಬ್ಬರು ಇಷ್ಟು ಚೆನ್ನಾಗಿ ತಿಳಿದಿದ್ದಾರೆಂದು ಪ್ರತಿಮಾಳೂ ಬೆರಗಾದಳು. ಆದರೆ ಕಡತದ ಫೋಟೋದಲ್ಲಿ ಪ್ರತಿಮಾಳ ಮುಖ, ಕೈ, ತೆಂಗಿನಕಾಯಿಯ ಜುಟ್ಟು ಸಹ ಸ್ಪಷ್ಟವಾಗಿದ್ದು, ಉಡಿ ತುಂಬಿಸಿಕೊಳ್ಳುತ್ತಿರುವವರಿಗೆ ಮಾತ್ರ ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. ಕತ್ತರಿಸಿದ ಕೈ ನುರಿತದ್ದು. ಆದರೂ ಆ ಹಸಿರು ಸೀರೆಯನ್ನು ಬಳಗದವರೆಲ್ಲ ಬಲ್ಲರು. ಕಳೆದ ದೀಪಾವಳಿಯ ಕೂಟದಲ್ಲಿ ಅದನ್ನು ಉಟ್ಟು, ತಮ್ಮ ಪಕ್ಕದಲ್ಲೇ ನಿಂತು ದೀಪ ಬೆಳಗಿಸಿದವರು ತಮ್ಮ ಧರ್ಮಪತ್ನಿ ಕುಸುಮಕ್ಕ.

ಹೌದು, ಓದುಗರೇ, ನಮ್ಮ ಮನೆ ಮಾಲೀಕರು ಕುಸುಮಕ್ಕನವರೇ. ಕಾಗದವೆಲ್ಲ ಅವರ ಹೆಸರಿನಲ್ಲಿದೆ. ಪ್ರತಿ ತಿಂಗಳ ಮೊದಲ ಶುಕ್ರವಾರ ಅವರೇ ಬಂದು, ಚಹಾ ಕುಡಿದು, ಪ್ರತಿಮಾಳ ಕೈರುಚಿ ಹೊಗಳಿ, ಬಾಡಿಗೆಯನ್ನು ನಗದಾಗಿ ಪಡೆದು ಪರ್ಸಿನೊಳಗೆ ಹಾಕಿಕೊಳ್ಳುತ್ತಾರೆ. ಬಾಡಿಗೆ ಕರಾರನ್ನು ಬಲದಿಯಾದಲ್ಲಿ, ಅಂದರೆ ಇಲ್ಲಿನ ನಗರಸಭೆಯಲ್ಲಿ, ನೋಂದಾಯಿಸಿ ಕೊಡಿರೆಂದು ನಾನು ಕೇಳಿದಾಗಲೆಲ್ಲ ತಾವು "ಬುಕ್ರಾ, ಬುಕ್ರಾ" ಎಂದಿರಿ. ಅರಬ್ಬಿಯಲ್ಲಿ ಅದಕ್ಕೆ ನಾಳೆ ಎಂದು ಅರ್ಥವಾದರೂ ತಮ್ಮ ಬಾಯಲ್ಲಿ ಅದಕ್ಕೆ ಇನ್ನೂ ಉದಾರವಾದ ಅವಧಿಯಿದೆ. ನೋಂದಾಯಿಸಿದರೆ ಕುಸುಮಕ್ಕನ ಹೆಸರು ಕಂಪನಿಗೆ ತಿಳಿದೀತು, ಹೆಂಡತಿಗೆ ಸ್ವಂತ ಮನೆಯಿದ್ದರೆ ಭತ್ಯೆ ಬಂದ್ ಎಂಬ ತಮ್ಮದೇ ಸುತ್ತೋಲೆ ತಮಗೇ ಅನ್ವಯಿಸೀತು, ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ತಾವು ಭತ್ಯೆಯ ಮೇಲೆ ಇರುವ ದೊಡ್ಡ ಬಂಗಲೆ ಬಿಡಬೇಕಾದೀತು ಎಂದೆಲ್ಲ ಕೆಲವರು ಆಡಿಕೊಳ್ಳುತ್ತಾರೆ. ನಾನು ನಂಬುವುದಿಲ್ಲ. ಬರೆದು ಎಲ್ಲರಿಗೂ ತಿಳಿಸುತ್ತೇನೆ, ಅಷ್ಟೇ.

ತೀರ್ಮಾನದ ಪತ್ರವನ್ನು ತಮ್ಮ ಗುಮಾಸ್ತ ಮಹಮೂದ್ ತಂದುಕೊಟ್ಟು, ಮುಖ ಸಪ್ಪಗೆ ಮಾಡಿ, "ಗೂಳಪ್ಪಣ್ಣ, ಎಂತ ಮಾಡುದು, ನಿಮ್ಮದು ರಿಜೆಕ್ಟ್" ಎಂದ. ಅದರಲ್ಲಿ ತಮ್ಮ ಸಹಿಯ ಮೇಲೆಯೇ ಇರುವ ಸಾಲು ಇದು: "ಅರ್ಜಿದಾರನು ಇಂದಿಗೂ ಮನೆಯ ಒಡೆಯನಂತೆಯೇ ವಾಸಿಸುತ್ತಿದ್ದು, ಸದರಿ ಮನೆಗಾಗಿ ಯಾರಿಗೂ ಬಾಡಿಗೆ ಕೊಡುವ ಹೊಣೆ ಆತನಿಗೆ ಇರುವುದಿಲ್ಲ."

ಆ ದಿನ ನಾನು ನಗಲಿಲ್ಲ, ಸುಳ್ಳೇಕೆ ಹೇಳಲಿ. ಭತ್ಯೆಯಿಲ್ಲದೆ ಕತ್ತರಿಸಿದ ಸಂಬಳದಲ್ಲಿ ಕುಸುಮಕ್ಕನಿಗೆ ಬಾಡಿಗೆ ಕೊಟ್ಟರೆ ಮೂವರ ಊಟಕ್ಕೆ ಉಳಿಯುವುದಿಲ್ಲ. ಪ್ರತಿಮಾಳನ್ನೂ ಆಕಾಶನನ್ನೂ ಊರಿಗೆ ಕಳಿಸಿ, ನಾನು ಘಾಲಾದಲ್ಲಿ ಯಾರದೋ ಕೋಣೆಯಲ್ಲಿ ಒಂದು ಮಂಚ ಹಿಡಿಯುವುದೆಂದು ಟಿಕೆಟ್ಟನ್ನೂ ಕಾಯ್ದಿರಿಸಿದೆ. ಹುಡುಗ ಈಗ ಹತ್ತನೆಯ ತರಗತಿ, ವರ್ಷದ ನಡುವೆ ಶಾಲೆ ಬಿಡಿಸಬೇಕು. ಅವನು ಟಿಕೆಟ್ ನೋಡಿ, "ಪಪ್ಪಾ, ವಿ ಆರ್ ಓನರ್ಸ್ ಆರ್ ಟೆನೆಂಟ್ಸ್? ಜಸ್ಟ್ ಟೆಲ್ ಮಿ ವನ್ ಥಿಂಗ್" ಎಂದು ಕೇಳಿದ. ನಾನು ತಮ್ಮ ತೀರ್ಮಾನದ ಪತ್ರವನ್ನೇ ಅವನ ಕೈಗೆ ಕೊಟ್ಟೆ. ಎಲ್ಲರ ಮನೆಯ ಹೆಂಗಸರು ಮಕ್ಕಳು ಹೀಗೆ ಒಬ್ಬೊಬ್ಬರಾಗಿ ವಿಮಾನ ಹತ್ತುವುದನ್ನು ಈ ಎರಡು ವರ್ಷ ನೋಡಿದ್ದೇನೆ. ಈಗ ನನ್ನ ಮನೆಯ ಪಾಳಿ ಬಂದಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹಗಳು ಚಿಕ್ಕವು. ಒಡೆಯನಾಗಿದ್ದಾಗ ಒಡೆಯನೆಂದು, ಬಾಡಿಗೆದಾರನಾದಾಗ ಮಾಜಿ ಒಡೆಯನೆಂದು ಭತ್ಯೆ ತಪ್ಪಿದ ನನ್ನಂಥವನಿಗಾಗಿ ಸಮಿತಿಯು ಮೂರನೆಯ ಜಾತಿಯೊಂದನ್ನು ಸೃಷ್ಟಿಸಿ, ಅವನು ತನ್ನ ಮನೆಯ ಗಂಟೆ ಒತ್ತಿ ಒಳಗೆ ಹೋಗಬೇಕೋ ಒತ್ತದೆಯೋ ಎಂಬುದನ್ನು ಸುತ್ತೋಲೆಯ ಮೂಲಕ ತಿಳಿಸಬೇಕು. ಮಾರದೆ ಇರಲು ಸಾಧ್ಯವಿರಲಿಲ್ಲವೆಂದು ಸಾಬೀತುಪಡಿಸುವುದಕ್ಕಾಗಿ ಕಳೆದ ವರ್ಷವನ್ನು ನನಗೆ ಒಂದು ಸಲ ವಾಪಸು ಕೊಡಿಸಬೇಕು. ತಮ್ಮ ಬಳಿಗೆ ಸಲಹೆ ಕೇಳಲು ಬಾರದೆ ನಡೆಸಿ ತೋರಿಸುತ್ತೇನೆ. ಆಕಾಶನು ಐದು ವರ್ಷ ಎತ್ತರವಾಗದಂತೆ ತಡೆಹಿಡಿಯುವ ಆದೇಶವನ್ನೂ ಹೊರಡಿಸಿದರೆ ಬಾಗಿಲ ಚೌಕಟ್ಟಿನ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ.

ಇವೆಲ್ಲ ಆಗುವ ತನಕ ತಮ್ಮ ತೀರ್ಮಾನವೇ ನನಗೆ ದಾರಿ. ಅದನ್ನು ಮತ್ತೆ ಮತ್ತೆ ಓದಿದೆ, ಮಾನ್ಯರೇ, ಮತ್ತು ಓದುತ್ತಾ ಓದುತ್ತಾ ನನ್ನ ಕಣ್ಣು ತೆರೆಯಿತು. ಮೇಲ್ಮನವಿ ಸಲ್ಲಿಸುವ ವಿಚಾರವನ್ನು ಕೈಬಿಟ್ಟಿದ್ದೇನೆ.

ತಮ್ಮ ವಿಶ್ವಾಸಿಯೂ, ತಮ್ಮ ಸಹಿಯ ಮೇಲೆ ಅದಕ್ಕಿಂತ ಹೆಚ್ಚು ವಿಶ್ವಾಸವುಳ್ಳವನೂ ಆದ,
ಗೂಳಪ್ಪ
ಜನರೇಟರ್ ವಿಭಾಗ, ಘಾಲಾ

ಮರೆತ ಮಾತು: ಯಾರಿಗೂ ಬಾಡಿಗೆ ಕೊಡುವ ಹೊಣೆ ನನಗಿಲ್ಲವೆಂದು ತಾವೇ ಬರೆದುಕೊಟ್ಟಿರುವುದರಿಂದ, ಆಜ್ಞಾಧಾರಕ ನೌಕರನಾಗಿ ಈ ತಿಂಗಳಿಂದ ಬಾಡಿಗೆ ಕೊಡುವುದನ್ನು ನಿಲ್ಲಿಸಿದ್ದೇನೆ. ಹೆಂಡತಿ ಮಗನ ಟಿಕೆಟ್ ರದ್ದಾಗಿದೆ. ಆಕಾಶ ಶಾಲೆಗೆ ಹೋಗುತ್ತಿದ್ದಾನೆ. ತಮ್ಮ ಪತ್ರಕ್ಕೆ ಕಟ್ಟು ಹಾಕಿಸಿ ಬಾಗಿಲೆದುರಿನ ಗೋಡೆಗೆ ತೂಗುಹಾಕಿದ್ದೇನೆ, ಅದಕ್ಕಾಗಿ ಹೊಸದೊಂದು ಮೊಳೆಯನ್ನೂ ಧೈರ್ಯವಾಗಿ ಹೊಡೆದೆ. ಬರುವ ಶುಕ್ರವಾರ ಕುಸುಮಕ್ಕ ಎಂದಿನಂತೆ ಅವಶ್ಯವಾಗಿ ಬರಲಿ. ಪ್ರತಿಮಾ ಅಕ್ಕಿ, ಕಾಯಿ, ಖಣ ತೆಗೆದಿಟ್ಟು ಕಾಯುತ್ತಿದ್ದಾಳೆ. ಬರಿಯ ಉಡಿಯಲ್ಲಿ ಕಳಿಸುವುದಿಲ್ಲ. ತಮ್ಮ ಸಮಿತಿಯೇ ತೀರ್ಮಾನಿಸಿದಂತೆ, ಉಡಿ ತುಂಬುವವಳೇ ಮನೆಯೊಡತಿ.